ಹಳೆ ಟಿವಿ ಗೇಮ್‌ನಲ್ಲಿ ಮತ್ತೆ ಬ್ಯಾಟ್‌ಮನ್: ಅಡಾಪ್ಟರ್‌ನಿಂದ ಕೆಥೆಡ್ರಲ್ ತುದಿಯವರೆಗೆ

1989ರ ಬ್ಯಾಟ್‌ಮನ್ ಸಿನಿಮಾ ಆಧರಿಸಿ ಸನ್‌ಸಾಫ್ಟ್ ಕಂಪನಿ ಮಾಡಿದ ಆಟ ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಆಟದ ಪೆಟ್ಟಿಗೆಗೆ, 1990ರಲ್ಲಿ ಅದರ ಅಮೆರಿಕದ ರೂಪವಾದ ಎನ್‌ಇಎಸ್‌ಗೆ ಬಂತು. ನಮ್ಮ ಕಡೆ ಎಲ್ಲರೂ ಸುಮ್ಮನೆ 'ಟಿವಿ ಗೇಮ್' ಎನ್ನುತ್ತಿದ್ದ ಪೆಟ್ಟಿಗೆಗಳು ಈ ಫ್ಯಾಮಿಕಾಮ್‌ನ ನಕಲುಗಳೇ. ಹಾಗಾಗಿ ಅಟ್ಟದ ಮೇಲೆ ಬಿದ್ದಿರುವ ಆ ಪೆಟ್ಟಿಗೆ ಸರಿಯಿದ್ದರೆ ಈ ಆಟ ಅದರಲ್ಲೇ ನಡೆಯುತ್ತದೆ. ಸಿನಿಮಾ ಹೆಸರಿನಲ್ಲಿ ಬಂದ ಆ ಕಾಲದ ಆಟಗಳಲ್ಲಿ ಇಂದಿಗೂ ಕೂತು ಮುಗಿಸಬೇಕು ಎನಿಸುವಂಥದ್ದು ಇದು. ಅದಕ್ಕೆ ಕಾರಣ ಒಂದೇ: ಗೋಡೆಯಿಂದ ಗೋಡೆಗೆ ಜಿಗಿಯುವ ಚಲನೆ. ಐದೂ ಹಂತಗಳನ್ನು ಆ ಒಂದು ಜಿಗಿತದ ಮೇಲೆ ಕಟ್ಟಿದ್ದಾರೆ.

ಮತ್ತೆ ಆಡಲು ಕೂತವರು ಎರಡನೇ ಹಂತದಲ್ಲೇ ಕೈಬಿಟ್ಟು 'ಆಗಿನಷ್ಟು ಕೈ ಓಡ್ತಿಲ್ಲ' ಎನ್ನುವುದುಂಟು. ಎಷ್ಟೋ ಸಲ ತಪ್ಪು ಕೈಯದಲ್ಲ. ಎಲ್‌ಇಡಿ ಟಿವಿಯ ವಿಳಂಬ, ರಿಮೋಟ್ ಬಟನ್ನಿನ ಕೆಳಗಿನ ಸವೆದ ರಬ್ಬರ್, ತಪ್ಪು ವೇಗಕ್ಕೆ ಹೊಂದಿಸಿದ ಎಮ್ಯುಲೇಟರ್ (ಹಳೆ ಆಟವನ್ನು ಕಂಪ್ಯೂಟರ್, ಮೊಬೈಲ್‌ನಲ್ಲಿ ಆಡಿಸುವ ಸಾಫ್ಟ್‌ವೇರ್), ಈ ಮೂರರಲ್ಲಿ ಒಂದು ಜಿಗಿತವನ್ನು ಕೆಡಿಸಿರುತ್ತದೆ. ಅಡಾಪ್ಟರ್‌ನಿಂದ ಹಿಡಿದು ಟಿವಿಯವರೆಗೆ ಏನೇ ಸರಿಪಡಿಸಿದರೂ ಎ ಬಟನ್ ಒತ್ತಿದ ಕ್ಷಣವೇ ಬ್ಯಾಟ್‌ಮನ್ ಜಿಗಿಯಬೇಕು ಎಂಬುದೇ ಗುರಿಯಾಗಿರಲಿ.

ಮೊದಲು, ಸರಿಯಾದ ಕ್ಯಾಸೆಟ್

ಬ್ಯಾಟ್‌ಮನ್ ಚಿತ್ರ ಅಂಟಿಸಿದ ಕ್ಯಾಸೆಟ್ಟುಗಳಲ್ಲಿ ಮೂರು ಬೇರೆ ಬೇರೆ ಆಟಗಳಿರಬಹುದು. ಲೇಬಲ್ ನಂಬಬೇಡಿ, ಹಾಕಿ ನೋಡಿ. ನೇರಳೆ ಬಣ್ಣದ ಸಣ್ಣ ಬ್ಯಾಟ್‌ಮನ್ ಬರಿಗೈಯಲ್ಲಿ ಗುದ್ದುತ್ತಿದ್ದು, ಗೋಡೆಗೆ ತಾಗಿದಾಗ ಅದನ್ನು ಒದ್ದು ಜಿಗಿಯುತ್ತಿದ್ದರೆ ಅದೇ ನಮಗೆ ಬೇಕಾದ್ದು. ಗುದ್ದುವ ಬದಲು ಗುಂಡು ಹಾರಿಸುತ್ತಿದ್ದರೆ ಅದು ಸನ್‌ಸಾಫ್ಟ್‌ನದೇ ಮುಂದಿನ ಆಟ, ರಿಟರ್ನ್ ಆಫ್ ದಿ ಜೋಕರ್. ರಸ್ತೆಯಲ್ಲಿ ಮೇಲೆ ಕೆಳಗೆ ನಡೆದಾಡುತ್ತ ಗುಂಪಿನ ಜೊತೆ ಹೊಡೆದಾಡುವ ಆಟವಾದರೆ ಅದು ಕೊನಾಮಿಯ ಬ್ಯಾಟ್‌ಮನ್ ರಿಟರ್ನ್ಸ್.

'9999999 ಇನ್ 1' ಕ್ಯಾಸೆಟ್ಟುಗಳಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಅವುಗಳಲ್ಲಿ ಇರುವುದು ಹೆಚ್ಚಾಗಿ 40 ಕಿಲೋಬೈಟ್ ಆಸುಪಾಸಿನ ಸಣ್ಣ ಆಟಗಳು. ಬ್ಯಾಟ್‌ಮನ್ 256 ಕಿಲೋಬೈಟ್, ಮೇಲಾಗಿ ನೆನಪಿನ ಪುಟಗಳನ್ನು ಬದಲಿಸಿಕೊಡುವ ಮ್ಯಾಪರ್ ಎಂಬ ಹೆಚ್ಚುವರಿ ಚಿಪ್ ಕ್ಯಾಸೆಟ್ಟಿನೊಳಗೇ ಇರಬೇಕು. ಆದ್ದರಿಂದ ಒಂದೇ ಆಟದ ಅಥವಾ '4 ಇನ್ 1' ತರಹದ ಕ್ಯಾಸೆಟ್ ಹುಡುಕಿ. ಅಮೆರಿಕದ ಅಸಲಿ ಕ್ಯಾಸೆಟ್ ಸಿಕ್ಕರೆ ಅದಕ್ಕೆ 72 ಪಿನ್, ನಮ್ಮ ಪೆಟ್ಟಿಗೆಗೆ 60 ಪಿನ್. ನಡುವೆ 72ರಿಂದ 60ಕ್ಕೆ ಬದಲಿಸುವ ಅಡಾಪ್ಟರ್ ಬೇಕು. ನಕಲು ಪೆಟ್ಟಿಗೆಗಳಲ್ಲಿ ದೇಶವಾರು ಬೀಗದ ಚಿಪ್ ಇರುವುದಿಲ್ಲವಾದ್ದರಿಂದ ಯಾವ ದೇಶದ ಕ್ಯಾಸೆಟ್ ಆದರೂ ಓಡುತ್ತದೆ. ಅಡಾಪ್ಟರ್ ಮೇಲಿನ ದಿಕ್ಕಿನ ಗುರುತನ್ನು ಮಾತ್ರ ಎರಡು ಸಲ ನೋಡಿ. ಉಲ್ಟಾ ಹಾಕಿ ಸ್ವಿಚ್ ಒತ್ತಿದರೆ 5 ವೋಲ್ಟ್ ಹೋಗಬಾರದ ಕಡೆ ಹೋಗಿ ಚಿಪ್ ಸುಡಬಹುದು.

ಅಡಾಪ್ಟರ್ ಮತ್ತು ಕರೆಂಟು

ಈ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಬೇಕಾಗುವುದು 9 ವೋಲ್ಟ್ ಡಿಸಿ. ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಅದನ್ನು 5 ವೋಲ್ಟ್‌ಗೆ ಇಳಿಸುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಪೆಟ್ಟಿಗೆ 0.3 ಆಂಪಿಯರ್ ಎಳೆಯಿತೆಂದುಕೊಳ್ಳಿ. 9 ವೋಲ್ಟ್ ಕೊಟ್ಟರೆ (9−5)×0.3, ಅಂದರೆ 1.2 ವ್ಯಾಟ್ ಶಾಖ. ಕೈಗೆ ಸಿಕ್ಕಿತೆಂದು 12 ವೋಲ್ಟ್ ಕೊಟ್ಟರೆ 2.1 ವ್ಯಾಟ್. ರಾಯಚೂರಿನ ಮೇ ತಿಂಗಳಲ್ಲಿ, ಕೋಣೆಯೇ ಕಾದು ಕೂತಿರುವಾಗ, ಈ ವ್ಯತ್ಯಾಸ ಸಣ್ಣದಲ್ಲ. ಅರ್ಧ ಗಂಟೆ ಚೆನ್ನಾಗಿ ಆಡಿ ಆಮೇಲೆ ಚಿತ್ರ ಕಲಸಿಹೋದರೆ ಮೊದಲು 7805 ಮೇಲೆ ಅನುಮಾನಪಡಿ. ಅದಕ್ಕೆ ತಗುಲಿಸಿದ ಅಲ್ಯೂಮಿನಿಯಂ ತಗಡು ಸಡಿಲವಾಗಿದ್ದರೆ ಬಿಗಿ ಮಾಡಿ, ನಡುವೆ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ.

ಹಳೆ ಎಲಿಮಿನೇಟರ್ ಅನ್ನು ಮಲ್ಟಿಮೀಟರ್‌ನಲ್ಲಿ ನೋಡಿದಾಗ 12, 13 ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಎಲಿಮಿನೇಟರ್‌ಗಳು ಲೋಡ್ ಇಲ್ಲದಿದ್ದಾಗ ಹಾಗೇ ತೋರಿಸುತ್ತವೆ, ಪೆಟ್ಟಿಗೆ ಜೋಡಿಸಿದ ಮೇಲೆ ಇಳಿಯುತ್ತವೆ. ನೋಡಲೇಬೇಕಾದದ್ದು ಪ್ಲಸ್ ಮೈನಸ್. ಅಸಲಿ ಫ್ಯಾಮಿಕಾಮ್‌ಗೆ ಪಿನ್ನಿನ ನಡುವೆ ಮೈನಸ್. ನಕಲುಗಳಲ್ಲಿ ಎರಡೂ ಬಗೆ ಉಂಟು. ಪೆಟ್ಟಿಗೆಯ ಬೆನ್ನ ಮೇಲಿನ ಗುರುತು ಅಳಿಸಿದ್ದರೆ ಬಿಚ್ಚಿ, 7805ರ ನಡುಗಾಲಿಗೆ ಜ್ಯಾಕಿನ ಯಾವ ಭಾಗ ಸೇರಿದೆಯೆಂದು ಮೀಟರ್‌ನ ಬೀಪ್‌ನಲ್ಲಿ ಪತ್ತೆ ಮಾಡಿ. ಅದೇ ಮೈನಸ್. ಗೊತ್ತಾದ ಮೇಲೆ ಪೆಟ್ಟಿಗೆಗೂ ಅಡಾಪ್ಟರ್‌ಗೂ ಒಂದೇ ಬಣ್ಣದ ಟೇಪ್ ಅಂಟಿಸಿ.

ಚಿತ್ರದಲ್ಲಿ ಅಡ್ಡ ಪಟ್ಟೆಗಳು ಮೆಲ್ಲಗೆ ಮೇಲಕ್ಕೋ ಕೆಳಕ್ಕೋ ಸಾಗುತ್ತಿದ್ದು, ಸ್ಪೀಕರ್‌ನಲ್ಲಿ ಗುಂಯ್ ಎಂಬ ಸದ್ದಿದ್ದರೆ ಒಳಬರುವ ವಿದ್ಯುತ್ತಿನ ದೊಡ್ಡ ಕೆಪಾಸಿಟರ್ ಒಣಗಿದೆ ಎಂದೇ ಅರ್ಥ. 1000 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿಯದು ಹಾಕಿಸಿ. ಹಳೆಯದರ ಮೇಲೆ 16 ವೋಲ್ಟ್ ಎಂದಿದ್ದರೂ ನಮ್ಮ ಬಿಸಿಲಿಗೆ 25 ಇರಲಿ. ಟಿವಿ ರಿಪೇರಿಯವರಿಗೆ ಹತ್ತು ನಿಮಿಷದ ಕೆಲಸ.

ಈ ಆಟದಲ್ಲಿ ಪಾಸ್‌ವರ್ಡ್ ಇಲ್ಲ, ಸೇವ್ ಇಲ್ಲ. ಕರೆಂಟ್ ಕಣ್ಣು ಮಿಟುಕಿಸಿದರೂ ಮೊದಲ ಹಂತದಿಂದ ಶುರು. ವೈಫೈ ರೂಟರ್‌ಗೆಂದು ಮಾರುವ ಸಣ್ಣ ಡಿಸಿ ಯುಪಿಎಸ್‌ನಲ್ಲಿ 9 ವೋಲ್ಟ್ ಕೊಡುವ ಮಾದರಿಗಳಿವೆ. 1 ಆಂಪಿಯರ್‌ನದು ಧಾರಾಳ ಸಾಕು. ರೂಟರ್ ಪಿನ್ನಿನ ನಡುವೆ ಪ್ಲಸ್ ಇರುತ್ತದೆ. ನಿಮ್ಮ ಪೆಟ್ಟಿಗೆಯದು ಮೈನಸ್ ಆಗಿದ್ದರೆ ತಂತಿ ಅದಲು ಬದಲು ಮಾಡಿದ ಪ್ರತ್ಯೇಕ ಪಿನ್ ಮಾಡಿಸಿಕೊಳ್ಳಿ.

ಧೂಳು

ಸಂಡೂರು, ತೋರಣಗಲ್ಲಿನ ಅದಿರಿನ ಕೆಂಪು ಧೂಳು, ಕೊಪ್ಪಳದ ಗಿಣಿಗೇರಿ ಕಡೆಯ ಕಾರ್ಖಾನೆಗಳ ಕರಿ ಮಸಿ, ಗಂಗಾವತಿ ರೈಸ್ ಮಿಲ್ಲಿನ ತೌಡಿನ ಪುಡಿ: ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳ ಪೆಟ್ಟಿಗೆಯೊಳಗೆ ಇವುಗಳಲ್ಲಿ ಒಂದಾದರೂ ಇರುತ್ತದೆ. ಅದಿರಿನ ಪುಡಿ ಉಪ್ಪುಕಾಗದದಂತೆ ಉಜ್ಜುತ್ತದೆ. ಅದನ್ನು ಒರೆಸದೆ ಕ್ಯಾಸೆಟ್ ತುರುಕಿದರೆ ಪಿನ್ನಿನ ಲೇಪ ಗೀರುತ್ತದೆ. ಮಸಿಯಲ್ಲಿ ಕಬ್ಬಿಣದ ಕಣವಿದ್ದರೆ ಪಕ್ಕದ ಪಿನ್ನುಗಳ ನಡುವೆ ಕರೆಂಟ್ ಹರಿಯಬಹುದು. ಸಣ್ಣ ಅಯಸ್ಕಾಂತವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬಿಚ್ಚಿಟ್ಟ ಹೊರಕವಚದ ಒಳಬದಿಗೆ ಸವರಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಸ್ವಚ್ಛ ಮಾಡುವ ಕ್ರಮ ಹೀಗೆ:

1. ಎಲ್ಲ ವೈರ್ ತೆಗೆದು ಪೆಟ್ಟಿಗೆ ಬಿಚ್ಚಿ. ಬಣ್ಣ ಬಳಿಯುವ ಒಣ ಬ್ರಷ್‌ನಿಂದ ಧೂಳು ಹೊರಗೆ ತಳ್ಳಿ. ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ಪಿನ್ನು ಕಿಲುಬು ಹಿಡಿಯುತ್ತದೆ.
2. ಕ್ಯಾಸೆಟ್ಟಿನ ಪಿನ್ನುಗಳನ್ನು ಮೆತ್ತಗಿನ ಬಿಳಿ ರಬ್ಬರ್‌ನಿಂದ, ಉದ್ದುದ್ದವಾಗಿ, ಹೊಳಪು ಬರುವವರೆಗೆ ಮಾತ್ರ ಉಜ್ಜಿ. ಉಪ್ಪುಕಾಗದ, ಬ್ಲೇಡು ಬೇಡ.
3. ಮೊಬೈಲ್ ರಿಪೇರಿ ಅಂಗಡಿಯಲ್ಲಿ 'ಐಪಿಎ' ಎಂದು ಕೇಳಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಕೊಡುತ್ತಾರೆ. ಹತ್ತಿಕಡ್ಡಿಗೆ ಅದ್ದಿ ಎರಡೂ ಬದಿ ಒರೆಸಿ, ಹತ್ತಿ ಬೆಳ್ಳಗೇ ಉಳಿಯುವವರೆಗೆ.
4. ಪೆಟ್ಟಿಗೆಯ ಸ್ಲಾಟ್‌ಗೆ ಹಳೆ ಎಟಿಎಂ ಕಾರ್ಡಿಗೆ ತೆಳು ಹತ್ತಿಬಟ್ಟೆ ಸುತ್ತಿ, ಐಪಿಎ ಹಾಕಿ, ನಾಲ್ಕೈದು ಸಲ ಇಳಿಸಿ ಎತ್ತಿ.
5. ಹತ್ತು ನಿಮಿಷ ಒಣಗಲು ಬಿಡಿ. ಆಮೇಲಷ್ಟೇ ಕರೆಂಟ್.

ಹಾಕಿದ ಮೇಲೆ ಪರದೆಯೇ ದಾರಿ ತೋರಿಸುತ್ತದೆ. ಆಟ ನಡೆಯುತ್ತಿದೆ, ಹಾಡು ಬರುತ್ತಿದೆ, ಚಿತ್ರ ಮಾತ್ರ ಚೌಕ ಚೌಕವಾಗಿ ಕಲಸಿದೆ ಎಂದರೆ ಚಿತ್ರದ ಚಿಪ್ಪಿಗೆ ಹೋಗುವ ಪಿನ್ನುಗಳು ಇನ್ನೂ ಕೊಳೆ. ಬರೀ ಒಂದೇ ಬಣ್ಣದ ಪರದೆ, ಸದ್ದೂ ಇಲ್ಲ ಎಂದರೆ ಪ್ರೋಗ್ರಾಮ್ ಕಡೆಯ ಪಿನ್ನುಗಳು. ಎರಡಕ್ಕೂ ಮದ್ದು ಮತ್ತೊಮ್ಮೆ ಸ್ವಚ್ಛ ಮಾಡುವುದೇ. ಮೂರು ಸಲ ಮಾಡಿದರೂ ಬದಲಾಗದಿದ್ದರೆ ಕ್ಯಾಸೆಟ್ ಬಿಚ್ಚಿ ನೋಡಿ. ಒಳಗೆ ಕಪ್ಪು ಟಾರಿನ ಬೊಟ್ಟಿನಂಥ ಚಿಪ್ ಇದ್ದು ಅದೇ ಸತ್ತಿದ್ದರೆ ರಿಪೇರಿ ಇಲ್ಲ, ಹಣ ಖರ್ಚು ಮಾಡಬೇಡಿ. ಇನ್ನೊಂದು ಮಾತು: ಒಂದೇ ಸಾಲಿನಲ್ಲಿ ಹೆಚ್ಚು ಆಕೃತಿ ಬಂದಾಗ ಅವು ಮಿಣುಕುವುದು ದೋಷವಲ್ಲ. ಯಂತ್ರ ಒಂದು ಗೆರೆಯಲ್ಲಿ 8 ತುಣುಕುಗಳನ್ನು ಮಾತ್ರ ತೋರಿಸಬಲ್ಲದು.

ರಿಮೋಟ್

ಗೋಡೆ ಜಿಗಿತದ ಅರ್ಧ ಜೀವ ಇಲ್ಲಿದೆ. ರಿಮೋಟ್ ಹಿಂಬದಿಯ ಸ್ಕ್ರೂ ತೆಗೆದರೆ ಬಟನ್ ಕೆಳಗೆ ರಬ್ಬರ್, ರಬ್ಬರ್ ಕೆಳಗೆ ಕರಿ ಗುಂಡಿ, ಅದರ ಕೆಳಗೆ ಬೋರ್ಡಿನ ಬಾಚಣಿಗೆಯಂಥ ಗೆರೆ. ಗೆರೆಗಳನ್ನು ಐಪಿಎಯಲ್ಲಿ ಒರೆಸಿ. ಕರಿ ಗುಂಡಿಯನ್ನು ಒಣ ಬಟ್ಟೆಯಲ್ಲಿ ಹಗುರಾಗಿ ಒರೆಸಿದರೆ ಸಾಕು, ಜೋರಾಗಿ ಉಜ್ಜಿದರೆ ಇಂಗಾಲದ ಪದರವೇ ಹೋಗುತ್ತದೆ. ಎ ಬಟನ್ನಿನ ರಬ್ಬರ್ ಹರಿದಿದ್ದರೆ ಟರ್ಬೊ ಬಟನ್ನಿನ ಕೆಳಗಿನದನ್ನು ಕತ್ತರಿಸಿ ತಂದು ಹಾಕಿ, ಟರ್ಬೊ ಈ ಆಟಕ್ಕೆ ಬೇಡ. ಟರ್ಬೊ ಎ ಸೆಕೆಂಡಿಗೆ ಹಲವು ಸಲ ಒತ್ತಿ ಬಿಡುತ್ತದೆ. ಈ ಆಟದಲ್ಲಿ ಬಟನ್ ಬೇಗ ಬಿಟ್ಟರೆ ಜಿಗಿತ ಗಿಡ್ಡ, ಹಿಡಿದರೆ ಎತ್ತರ. ಟರ್ಬೊದಲ್ಲಿ ಎಲ್ಲ ಜಿಗಿತವೂ ಗಿಡ್ಡವಾಗಿ ಗುಂಡಿಗೆ ಬೀಳುತ್ತೀರಿ.

ಯಾವ ಬಟನ್ನೂ ಕೆಲಸ ಮಾಡದಿದ್ದರೆ ಬಟನ್ನುಗಳದ್ದಲ್ಲ ತಪ್ಪು. ಒಳಗಿನ ಐದು ತಂತಿಗಳಲ್ಲಿ ಒಂದು, ಹೆಚ್ಚಾಗಿ ಪ್ಲಗ್ಗಿನ ಕುತ್ತಿಗೆ ಹತ್ತಿರ, ತುಂಡಾಗಿರುತ್ತದೆ. ಎರಡು ಇಂಚು ಕತ್ತರಿಸಿ ಬೆಸುಗೆ ಹಾಕಿಸಿ. ಸ್ಟಾರ್ಟ್ ಬಟನ್ನನ್ನೂ ಪರೀಕ್ಷಿಸಿ. ಇಲ್ಲಿ ಸ್ಟಾರ್ಟ್ ಒತ್ತಿದರೆ ಆಯುಧ ಬದಲಾಗುತ್ತದೆ, ಆಟ ನಿಲ್ಲಿಸುವುದು ಸೆಲೆಕ್ಟ್. ಇದು ತಿಳಿಯದೆ ಬಾಸ್ (ಹಂತದ ಕೊನೆಯ ದೊಡ್ಡ ಶತ್ರು) ಎದುರು ಸ್ಟಾರ್ಟ್ ಒತ್ತಿ ಆಟ ನಿಂತಿತೆಂದು ಕೈ ಬಿಟ್ಟವರು ಜೀವ ಕಳೆದುಕೊಳ್ಳುತ್ತಾರೆ.

ಟಿವಿ

ಡಬ್ಬಾ ಟಿವಿ ಸಿಕ್ಕರೆ ಅದೇ ಸರಿ. ಬಳ್ಳಾರಿಯ ಕೌಲ್ ಬಜಾರ್ ಕಡೆಯಾಗಲಿ, ರಾಯಚೂರಿನ ತೀನ್ ಕಂದೀಲ್ ಕಡೆಯಾಗಲಿ, ಹಳೆ ಟಿವಿ ರಿಪೇರಿ ಅಂಗಡಿಯಲ್ಲೋ ಗುಜರಿಯಲ್ಲೋ ವಿಚಾರಿಸಿ. ಕೊಳ್ಳುವ ಮೊದಲು ಹತ್ತು ನಿಮಿಷ ಓಡಿಸಿ ಚಿತ್ರ ಕುಗ್ಗುತ್ತದೆಯೇ ನೋಡಿ. ಮನೆಯಲ್ಲಿ ಅದರ ಹಿಂಬದಿ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಜೀವ ತೆಗೆಯುವಷ್ಟು ವೋಲ್ಟ್ ಉಳಿದಿರುತ್ತದೆ.

ಪೆಟ್ಟಿಗೆಯಲ್ಲಿ ಹಳದಿ, ಬಿಳಿ ಎವಿ ಸಾಕೆಟ್ ಇದ್ದರೆ ಅದನ್ನೇ ಬಳಸಿ. ಆಂಟೆನಾ ತಂತಿ ಮಾತ್ರ ಇದ್ದರೆ ಒಳಗಿನ ತಗಡಿನ ಸಣ್ಣ ಡಬ್ಬಿ ನೋಡಿ. ಅದಕ್ಕೆ ಸಾಮಾನ್ಯವಾಗಿ 5 ವೋಲ್ಟ್, ವಿಡಿಯೋ, ಆಡಿಯೋ, ಗ್ರೌಂಡ್ ಹೋಗಿರುತ್ತವೆ. ಅಲ್ಲಿಂದಲೇ ವಿಡಿಯೋ, ಆಡಿಯೋ ಎಳೆದು ಆರ್‌ಸಿಎ ಸಾಕೆಟ್ ಕೂರಿಸಬಹುದು. ಚಿತ್ರ ಮಂಕಾಗಿ ಬಂದರೆ ನಡುವೆ ಒಂದು ಟ್ರಾನ್ಸಿಸ್ಟರ್ ಬಫರ್ ಹಾಕಲು ರಿಪೇರಿಯವರಿಗೆ ಹೇಳಿ.

ಎಲ್‌ಇಡಿ ಟಿವಿಯಾದರೆ ಗೇಮ್ ಮೋಡ್ ಹಾಕಿ, ಚಿತ್ರ ನುಣುಪಾಗಿಸುವ ಎಲ್ಲ ಸೆಟ್ಟಿಂಗ್ ಆರಿಸಿ. ವಿಳಂಬ ಅಳೆಯಲು ನಿಮ್ಮ ಮೊಬೈಲೇ ಸಾಕು. ಸೆಕೆಂಡಿಗೆ 240 ಚೌಕಟ್ಟಿನ (ಫ್ರೇಮ್) ಸ್ಲೋ ಮೋಷನ್‌ನಲ್ಲಿ, ಹೆಬ್ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಚಿತ್ರಿಸಿ. ಬಟನ್ ತಳ ಮುಟ್ಟಿದ ಚೌಕಟ್ಟಿನಿಂದ ಬ್ಯಾಟ್‌ಮನ್ ಕದಲುವ ಚೌಕಟ್ಟಿನವರೆಗೆ ಎಣಿಸಿ 4.2ರಿಂದ ಗುಣಿಸಿದರೆ ಮಿಲಿಸೆಕೆಂಡ್ ಬಂತು. 50ರ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ಆ ಟಿವಿಯಲ್ಲಿ ಮೂರನೇ ಹಂತದ ಆಚೆ ಹೋಗುವುದು ಬರೀ ಸಂಕಟ, ಬೇರೆ ಟಿವಿ ಹುಡುಕಿ.

ಎಮ್ಯುಲೇಟರ್‌ನಲ್ಲಾದರೆ

ಕ್ಯಾಸೆಟ್ ನಿಮ್ಮದೇ ಇದ್ದರೆ ಸ್ಯಾನಿ ಕಾರ್ಟ್ ರೀಡರ್‌ನಂಥ ಸಾಧನದಿಂದ ಫೈಲ್ ತೆಗೆದುಕೊಳ್ಳಬಹುದು. 16 ಬೈಟ್ ತಲೆಬರಹ ಸೇರಿ ಫೈಲ್ 2,62,160 ಬೈಟ್ ಇರಬೇಕು. ಕಡಿಮೆ ಬಂದರೆ ಪಿನ್ ಕೊಳೆಯಾಗಿದೆ ಅಥವಾ ಮ್ಯಾಪರ್ ಆಯ್ಕೆ ತಪ್ಪಾಗಿದೆ.

ಇನ್ನು ವೇಗದ ವಿಚಾರ. ಇದರ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಆಟವನ್ನು ಬರೆದದ್ದು ಸೆಕೆಂಡಿಗೆ 60 ಚೌಕಟ್ಟಿನ ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಪದ್ಧತಿ) ಯಂತ್ರಕ್ಕೆ. ನಮ್ಮಲ್ಲಿ ಮಾರಿದ ಪೆಟ್ಟಿಗೆಗಳು ನಮ್ಮ ದೇಶದ ಪಾಲ್ ಪದ್ಧತಿಯ ಟಿವಿಗೆ ಹೊಂದುವ 50ರವು. ಆಟ ಎಲ್ಲವನ್ನೂ ಚೌಕಟ್ಟಿನ ಲೆಕ್ಕದಲ್ಲೇ ಮಾಡುವುದರಿಂದ ನಮ್ಮ ಬ್ಯಾಟ್‌ಮನ್ ಆರರಲ್ಲಿ ಒಂದು ಭಾಗ ನಿಧಾನ. 5 ಚೌಕಟ್ಟಿನ ಅವಕಾಶ 60ರಲ್ಲಿ 83 ಮಿಲಿಸೆಕೆಂಡ್, 50ರಲ್ಲಿ 100. ಚಿಕ್ಕಂದಿನಲ್ಲಿ ಟಿವಿ ಗೇಮ್‌ನಲ್ಲಿ ಕಲಿತ ಕೈ ಎಮ್ಯುಲೇಟರ್‌ನಲ್ಲಿ ತಡವರಿಸುವುದು ಇದಕ್ಕೇ.

ಹಳೆ ವೇಗ ಬೇಕೆಂದು 'ಪಾಲ್' ಆರಿಸಿದರೆ ಇನ್ನೊಂದು ತಪ್ಪಾಗುತ್ತದೆ. ಯುರೋಪಿನ ಪಾಲ್ ಯಂತ್ರದ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಅಸಲಿಯದು 1.79. ಸಂಗೀತದ ಶ್ರುತಿಯೇ ಅರ್ಧ ಸ್ವರಕ್ಕಿಂತ ಹೆಚ್ಚು ಇಳಿಯುತ್ತದೆ. ನಕಲು ಪೆಟ್ಟಿಗೆಗಳ ಚಿಪ್ 1.77ರಲ್ಲಿ ಓಡುತ್ತಿತ್ತು. ಹಾಡಿನ ಲಯ ನಿಧಾನ, ಶ್ರುತಿ ಹೆಚ್ಚುಕಡಿಮೆ ಅದೇ. ಎಮ್ಯುಲೇಟರ್‌ಗಳಲ್ಲಿ ಇದರ ಹೆಸರು 'ಡೆಂಡಿ'. ಮೆಸೆನ್ ಎಮ್ಯುಲೇಟರ್‌ನಲ್ಲೂ ರೆಟ್ರೊಆರ್ಕ್‌ನೊಳಗಿನ ಎಫ್‌ಸಿಇಯುಎಂಎಂ ಎಮ್ಯುಲೇಟರ್‌ನಲ್ಲೂ ರೀಜನ್ ಆಯ್ಕೆಯಲ್ಲಿ ಸಿಗುತ್ತದೆ. ನವೋಕಿ ಕೊಡಾಕಾ ಅವರ ಸಂಗೀತ ಈ ಆಟದ ದೊಡ್ಡ ಆಸ್ತಿ, ಅದನ್ನು ಕೆಟ್ಟ ಶ್ರುತಿಯಲ್ಲಿ ಕೇಳಬೇಡಿ. ಡೆಂಡಿಯಲ್ಲಿ ಕೈ ಕುದುರಿಸಿಕೊಂಡು ಆಮೇಲೆ ಎನ್‌ಟಿಎಸ್‌ಸಿಗೆ ಹೋಗುವುದು ಒಳ್ಳೆಯ ದಾರಿ. ರೆಟ್ರೊಆರ್ಕ್‌ನಲ್ಲಿ ವಿಳಂಬ ತಗ್ಗಿಸುವ ರನ್-ಅಹೆಡ್ ಸೆಟ್ಟಿಂಗ್ ಅನ್ನು 1 ಚೌಕಟ್ಟಿಗೆ ಇಡಿ. ಹೆಚ್ಚಿಸಿದರೆ ಆಕೃತಿಗಳು ಎಗರಿದಂತೆ ಕಾಣಬಹುದು.

ಜಿಗಿತ ಕಲಿಯುವುದು

ಗೋಡೆಯ ಕಡೆಗೆ ಬಾಣದ ಬಟನ್ ಹಿಡಿದು ಎ ಒತ್ತಿ ಜಿಗಿಯಿರಿ. ಗಾಳಿಯಲ್ಲಿರುವಾಗಲೇ ಎ ಬಿಟ್ಟುಬಿಡಿ. ಮೈ ಗೋಡೆಗೆ ತಾಗಿದ ತಕ್ಷಣ ಮತ್ತೆ ಎ. ಬ್ಯಾಟ್‌ಮನ್ ಗೋಡೆ ಒದ್ದು ಎದುರು ದಿಕ್ಕಿಗೆ ಹಾರುತ್ತಾನೆ. ಆಗ ಬೆರಳನ್ನು ಎದುರು ಗೋಡೆಯ ಬಾಣಕ್ಕೆ ಜಾರಿಸಿ, ಅಲ್ಲಿ ತಾಗಿದಾಗ ಮತ್ತೆ ಎ. ಎಲ್ಲರೂ ಮಾಡುವ ತಪ್ಪು ಮೊದಲ ಎ ಬಿಡದೇ ಹಿಡಿದಿರುವುದು. ಬಿಡದಿದ್ದರೆ ಎರಡನೆಯದು ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ತಪ್ಪು ಗಾಬರಿಯಿಂದ ಟಕಟಕ ಒತ್ತುವುದು, ಆಗ ಎತ್ತರ ಸಿಗುವುದಿಲ್ಲ. ಇಬ್ಬದಿ ಗೋಡೆಯಿರುವ ಇಕ್ಕಟ್ಟಿನ ಜಾಗದ ತಳದಲ್ಲಿ, ಎಮ್ಯುಲೇಟರ್‌ನಲ್ಲಾದರೆ, ಸೇವ್ ಸ್ಟೇಟ್ (ಆಟವನ್ನು ಆ ಕ್ಷಣಕ್ಕೆ ಉಳಿಸಿಡುವ ಸೌಲಭ್ಯ) ಇಟ್ಟುಕೊಂಡು, ಬೀಳದೆ ಹತ್ತು ಸಲ ಹತ್ತುವವರೆಗೆ ಅದೊಂದನ್ನೇ ಮಾಡಿ. ಸೇವ್ ಸ್ಟೇಟ್ ಅಭ್ಯಾಸಕ್ಕೆ ಮಾತ್ರ. ನಿಜವಾಗಿ ಆಡುವಾಗ ಬೇಡ, ಜೀವ ಮುಗಿದರೂ ಆಟವೇ ಕಂಟಿನ್ಯೂ ಕೊಡುತ್ತದೆ.

ಆಯುಧ ಮೂರು. ಬ್ಯಾಟರಾಂಗ್ ಸ್ವಲ್ಪ ದೂರ ಹೋಗಿ ಮರಳುತ್ತದೆ, ಗುಂಡು ಕಡಿಮೆ ತಿನ್ನುತ್ತದೆ. ಸ್ಪಿಯರ್ ಗನ್ ನೇರ, ದೂರ. ಡರ್ಕ್ ಮೂರಾಗಿ ಸೀಳುತ್ತದೆ, ಗುಂಡು ಬೇಗ ಖಾಲಿ ಮಾಡುತ್ತದೆ. ಸಾಮಾನ್ಯ ಶತ್ರುಗಳಿಗೆ ಗುದ್ದು ಸಾಕು. ನೆಲದಲ್ಲಿ ಹರಿದು ಬರುವ ಸಣ್ಣ ಯಂತ್ರಗಳನ್ನು ಕುಳಿತು ಗುದ್ದಿ. ಶಕ್ತಿ 8 ಗೆರೆ, ಹೃದಯ ಸಿಕ್ಕರೆ ಒಂದು ತುಂಬುತ್ತದೆ. ಬಾಸ್ ಕೋಣೆಗೆ ಮೊದಲು ಸುಲಭದ ಶತ್ರು ಇರುವಲ್ಲಿ ಪರದೆ ಆಚೆ ಈಚೆ ಸರಿಸಿದರೆ ಅವನು ಮತ್ತೆ ಬರುತ್ತಾನೆ. ಅವನಿಂದ ಉದುರುವ ಹೃದಯ, ಗುಂಡು ಕೂಡಿಸಿಕೊಂಡೇ ಒಳಗೆ ಹೋಗಿ. ಬೇಸರದ ಕೆಲಸ ಎನಿಸಬಹುದು, ಆದರೆ ಕೊನೆಯ ಹಂತದಲ್ಲಿ ಇದಿಲ್ಲದೆ ಗೆಲ್ಲುವವರು ಕಡಿಮೆ.

ಐದು ಹಂತ

ಗೋಥಮ್ ನಗರದ ಮೊದಲ ಹಂತ ಪಾಠಶಾಲೆ. ಕೊನೆಗೆ ಬರುವ ಕಿಲ್ಲರ್ ಮಾತ್ ಹಾರಾಡುತ್ತ ಮೈಮೇಲೆ ನುಗ್ಗುತ್ತಾನೆ. ದೂರದಲ್ಲಿದ್ದಾಗ ಆಯುಧ, ಕೆಳಗಿಳಿದಾಗ ಗುದ್ದು. ಸಿನಿಮಾದಲ್ಲಿ ಅವನನ್ನು ಹುಡುಕಬೇಡಿ. ಅವನೂ, ಮುಂದೆ ಎದುರಾಗುವ ಇಲೆಕ್ಟ್ರೊಕ್ಯೂಷನರ್, ಫೈರ್‌ಬಗ್ ಕೂಡ ಕಾಮಿಕ್ಸ್‌ನಿಂದ ಬಂದವರು. ಸಿನಿಮಾದಿಂದ ಬಂದದ್ದು ಆಕ್ಸಿಸ್ ರಾಸಾಯನಿಕ ಕಾರ್ಖಾನೆ, ಕೆಥೆಡ್ರಲ್, ಜೋಕರ್ ಮತ್ತು ಹಂತಗಳ ನಡುವಿನ ಚಿತ್ರಗಳು.

ಎರಡನೆಯದು ಆ ಕಾರ್ಖಾನೆ. ಚಲಿಸುವ ಬೆಲ್ಟ್ ಜಿಗಿತದ ಅಳತೆ ತಪ್ಪಿಸುತ್ತದೆ, ಹಾಗಾಗಿ ಅಂಚಿಗೆ ಬರುವ ಮೊದಲೇ ಹಾರಿ. ಬಾಸ್ ಒಂದು ಯಂತ್ರ. ಅದರ ಚಲನೆ ಪ್ರತಿ ಸಲವೂ ನೋಡಿ ಕಲಿಯುವಂಥದ್ದು, ಮೊದಲ ಜೀವವನ್ನು ಬರೀ ನೋಡಲು ಕೊಟ್ಟುಬಿಡಿ. ಮೂರನೆಯದು ನೆಲದಡಿಯ ಕೊಳವೆ ದಾರಿ. ಇಲ್ಲಿಂದ ಗೋಡೆ ಜಿಗಿತಕ್ಕೆ ಮುಳ್ಳು ಸೇರುತ್ತದೆ, ಗಿಡ್ಡ ಜಿಗಿತ ಗೊತ್ತಿಲ್ಲದವರು ಇಲ್ಲೇ ನಿಲ್ಲುತ್ತಾರೆ. ಚಾವಣಿ ತಗ್ಗಾಗಿರುವಲ್ಲಿ ಎ ಅನ್ನು ಮುಟ್ಟಿ ಬಿಟ್ಟಂತೆ ಒತ್ತಿ. ನಾಲ್ಕನೆಯದು ಪ್ರಯೋಗಾಲಯದ ಅವಶೇಷ. ಅಲ್ಲಿ ಅವಸರ ಮಾಡದಿದ್ದರೆ ಸಾಕು.

ಐದನೆಯ ಕೆಥೆಡ್ರಲ್‌ನಲ್ಲಿ ತಿರುಗುವ ಹಲ್ಲುಚಕ್ರಗಳ ನಡುವೆ ಮೇಲೇರಬೇಕು. ಇಲ್ಲಿ ವೇಗಕ್ಕಿಂತ ಲಯ ಮುಖ್ಯ. ಪ್ರತಿ ಗೋಡೆಯಲ್ಲೂ ತಾಗಿದ ತಕ್ಷಣ ಒತ್ತುತ್ತ, ಒಂದೇ ಅಂತರದಲ್ಲಿ ಏರಿ. ಬಿದ್ದರೆ ನೇರ ಮತ್ತೆ ಹಾರಬೇಡಿ, ಚಕ್ರದ ಒಂದು ಸುತ್ತು ನೋಡಿ. ಫೈರ್‌ಬಗ್ ಬೆಂಕಿ ಹಾರಿಸುತ್ತ ಬಹಳ ಚುರುಕಾಗಿ ಓಡಾಡುತ್ತಾನೆ. ಅವನ ಹಿಂದೆ ಓಡುವುದಕ್ಕಿಂತ ಅವನು ಬರುವ ಜಾಗದಲ್ಲಿ ನಿಂತು ಗುದ್ದಿ, ಬೆಂಕಿ ಮೇಲೆ ಹಾರಿ ಪಾರಾಗಿ. ಜೋಕರ್ ಉದ್ದ ನಳಿಕೆಯ ಪಿಸ್ತೂಲ್ ಹಾರಿಸುತ್ತಾನೆ, ಮೇಲಿಂದ ಸಿಡಿಲು ಬೀಳಿಸುತ್ತಾನೆ. ನಿಂತಲ್ಲೇ ನಿಂತರೆ ಸಿಡಿಲು, ದೂರ ಹೋದರೆ ಗುಂಡು. ಹತ್ತಿರ ನುಗ್ಗಿ ಎರಡು ಮೂರು ಗುದ್ದು ಕೊಟ್ಟು ಜಾಗ ಬದಲಿಸಿ, ಮತ್ತೆ ನುಗ್ಗಿ. ಅವನಿಗೆ ಶಕ್ತಿ ಬಹಳ, ಆದ್ದರಿಂದ ಗುದ್ದು ಗುದ್ದಿಗೂ ಸರಿದಾಡುವ ಶಿಸ್ತನ್ನು ಕೊನೆಯ ಏಟಿನವರೆಗೂ ಬಿಡಬೇಡಿ.